ಎರಡನೇ ಯಂತ್ರದಲ್ಲಿದ್ದ ಹಾಡು

ಪಾವಗಡದ ಆ ಮಧ್ಯಾಹ್ನ ಎರಡನೇ ಯಂತ್ರದಿಂದ ಹಾಡು ಹೊರಟದ್ದು ನಿಜ. ಅದನ್ನು ಹೊರಡಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ನಾನೇ ಎಂದು ಕೆಲ ಕಾಲ ಹೇಳಿಕೊಂಡು ತಿರುಗಿದ್ದೇನೆ. ಅಲ್ಲ ಎಂದೂ ಹೇಳಿದ್ದೇನೆ. ಎರಡನ್ನೂ ಕೇಳಿದವರು ನಂಬಿದರು. ಹೇಳಿದಷ್ಟೂ ಸಲ ನನ್ನ ಬೆರಳು ಟ್ಯಾಬ್‌ನ ಗಾಜಿನ ಮೇಲೆ ಇಳಿದ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತ ಬಂದಿದೆ. ನನ್ನ ಅನುಮಾನಕ್ಕೆ ಅದೇ ಕಾರಣ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದರಲ್ಲಿ ನನ್ನ ಜೊತೆ ಉಳಿದ ಪಾಠ ಒಂದೇ: ಪ್ರತಿ ಸಲವೂ ಮೊದಲಿಗಿಂತ ಚೆಂದವಾಗಿ ಬರುವ ಅಳತೆಯನ್ನು ನಂಬಬಾರದು. ಹಾಗಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಇಲ್ಲಿ ಬರೆಯುತ್ತೇನೆ.

ಮೇಷ್ಟ್ರು ಎಂದರೆ ನಾಟಕದ ಮೇಷ್ಟ್ರು, ಹೊಳವನಹಳ್ಳಿಯವರು. ಹಾರ್ಮೋನಿಯಂ ಹೊತ್ತು ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿ ಸುತ್ತಿ, ಹೊಲ ಗೇಯುವವರಿಗೂ ಬಸ್ಸು ಓಡಿಸುವವರಿಗೂ ಹಾಡು ಮಾತು ಕಲಿಸಿ ಬಣ್ಣ ಹಚ್ಚಿಸಿದವರು. ನಿಡುಗಲ್ ಕೋಟೆಯನ್ನು ಬಿಟ್ಟುಕೊಟ್ಟು ಹೊರಡುವ ದೊರೆಯೊಬ್ಬನ ಮೇಲೆ ತಾವೇ ಒಂದು ನಾಟಕ ಕಟ್ಟಿದ್ದರು. ದೊರೆಯ ಪಾತ್ರವನ್ನು ಬೇರೆ ಯಾರಿಗೂ ಕೊಟ್ಟವರಲ್ಲ. ಗಂಟಲಿನಲ್ಲಿ ಕ್ಯಾನ್ಸರ್ ಎಂದು ತಿಳಿದು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಅವರು ಸೌಂಡ್ ಕೆಲಸ ಮಾಡುವ ನನ್ನನ್ನು ಕರೆಸಿದರು. ಆಪರೇಷನ್ನಿಗೆ ಮೊದಲು ದೊರೆಯ ಮಾತು, ಹಾಡು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು. ಎದ್ದು ಓಡಾಡುವಂತಾದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಹೀಗೆ ನಾಲ್ಕು ಊರಿನಲ್ಲೂ ಒಂದೊಂದು ಸಲ ತಮ್ಮದೇ ಧ್ವನಿಗೆ ತಾವು ಬಾಯಾಡಿಸಿ ಪಾತ್ರ ಮುಗಿಸಬೇಕು.

"ಒಂದೇ ಒಂದು ಮಾತು," ಎಂದಿದ್ದರು, ಇನ್ನೂ ಮಾತು ಇದ್ದಾಗ. "ನಾನು ಜನದ ಮುಂದೆ ಬಾಯಿ ತಕ್ಕೊಂಡು ನಿಂತಿರೋದು, ಹಾಡು ಬರ್ದೆ ಹೋಗೋದು, ಅದೊಂದು ಆಗ್ಬಾರ್ದು ಕಣಯ್ಯ."

ಆಗುವುದಿಲ್ಲ ಎಂದೆ. ಎರಡು ಯಂತ್ರ ಇಡುತ್ತೇನೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂದೆ.

ಅವರ ಮನೆಯ ನಡುಕೋಣೆಯ ಕಿಟಕಿಗಳಿಗೆ ಕಂಬಳಿ, ರಗ್ಗು ಕಟ್ಟಿ ರೆಕಾರ್ಡಿಂಗ್ ಮಾಡಿದೆವು. ಕೊನೆಯ ಹಾಡನ್ನು, ಅಂದರೆ ದೊರೆ ಕೋಟೆಯ ಬಾಗಿಲಲ್ಲಿ ನಿಂತು ಹಾಡುವುದನ್ನು, ಮೊದಲೇ ಚೆನ್ನಾಗಿ ಹಾಡಿ ಕೊಟ್ಟಿದ್ದರು. ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಮತ್ತೆ ಕರೆಸಿ, ಇನ್ನೊಂದು ಸಲ ಹಾಡುತ್ತೇನೆ ಎಂದರು. ಆ ಸಲ ಧ್ವನಿ ಎರಡು ಮೂರು ಕಡೆ ಒಡೆಯಿತು. ಹಾಕಿ ಕೇಳಿಸಿದೆ. ಅರ್ಧಕ್ಕೇ ಕೈಯೆತ್ತಿ, "ಬ್ಯಾಡ ಬುಡು, ಇದು ದೊರೆ ಅಲ್ಲ, ಕಾಯ್ಲೆ," ಎಂದರು. ನಾನು ಅದನ್ನು ಅಳಿಸಲಿಲ್ಲ. ಅಳಿಸದೆ ಇಡುವುದು ನಮ್ಮ ಕೆಲಸದ ಚಾಳಿ, ಅಷ್ಟೆ. ಅದಕ್ಕೆ ಬೇರೆ ಅರ್ಥ ಆಗ ಇರಲಿಲ್ಲ.

ಆಪರೇಷನ್ ಆದಮೇಲೆ ಅವರ ಉಸಿರು ಕತ್ತಿನಲ್ಲಿ ಮಾಡಿದ ಒಂದು ತೂತಿನಿಂದ ಆಡುತ್ತಿತ್ತು. ಅದನ್ನು ಮುಚ್ಚುವಂತಿಲ್ಲ, ಕಾಣಿಸಲೂ ಬಾರದು. ಅವರ ಹೆಂಡತಿ ಸೊಳ್ಳೆ ಪರದೆಯಂಥ ತೆಳು ಬಟ್ಟೆಗೆ ಮಣಿ ಹೊಲಿದು ದೊರೆಗೆ ಒಂದು ಕೊರಳಪಟ್ಟಿ ಮಾಡಿದರು. ಮೇಷ್ಟ್ರು ತುಟಿಯಾಡಿಸಿದ್ದನ್ನು ಓದಿ ನಮಗೆ ಹೇಳುತ್ತಿದ್ದವರೂ ಅವರೇ. ಒಮ್ಮೆ ಮೇಷ್ಟ್ರು ನನ್ನ ಕಡೆ ತಿರುಗಿ ತುಂಬ ಹೊತ್ತು ಬಾಯಾಡಿಸಿದರು. ಆಕೆ "ತಂತಿ ಕಾಲಿಗೆ ಸಿಗ್ತದಂತೆ," ಎಂದಷ್ಟೇ ಹೇಳಿದರು.

"ಅಷ್ಟುದ್ದ ಹೇಳಿದ್ರಲ್ಲಮ್ಮ?"

"ಮಿಕ್ಕಿದ್ದೆಲ್ಲ ಬೈಗುಳ ಕಣಪ್ಪ. ಹೆತ್ತ ಮಗನ್ನ ಬೈದಂಗೆ ಬೈದವ್ರೆ, ತಗೋ."

ರಾತ್ರಿಯಿಡೀ ಆಡುವ ನಾಟಕವನ್ನು ಅವರ ಮೈಗೆ ಆಗುವಷ್ಟು ಕತ್ತರಿಸಿ ಮಧ್ಯಾಹ್ನದ ಪ್ರದರ್ಶನ ಮಾಡಿದೆವು. ಉಳಿದ ಪಾತ್ರಗಳದ್ದು ಅವರವರ ಬಾಯಿಂದಲೇ, ಮೈಕಿನಲ್ಲಿ. ದೊರೆಯದು ಮಾತ್ರ ಯಂತ್ರದಿಂದ. ತಬಲಾಕ್ಕೆ ಶಿರಾದ ಸಾಹೇಬರು. ಮೂವತ್ತು ವರ್ಷಕ್ಕೂ ಹೆಚ್ಚು ಮೇಷ್ಟ್ರ ಪಕ್ಕ ಕೂತವರು. ಈಗ ರೆಕಾರ್ಡಿನ ಧ್ವನಿಯ ಜೊತೆ ಎದುರಿಗೇ ನುಡಿಸಬೇಕಿತ್ತು. ನನ್ನ ಎರಡು ಲ್ಯಾಪ್‌ಟಾಪ್‌ಗಳಿಗೆ ದೊಡ್ಡೋನು, ಚಿಕ್ಕೋನು ಎಂದು ಹೆಸರಿಟ್ಟವರು ಅವರೇ.

ವ್ಯವಸ್ಥೆ ಹೀಗಿತ್ತು. ದೊಡ್ಡೋನು, ಚಿಕ್ಕೋನು ಎರಡೂ ರಂಗದ ಬದಿಯಲ್ಲಿ, ಪರದೆಯ ಮರೆಯಲ್ಲಿ. ನಾನು ಸಭಾಂಗಣದ ಹಿಂದೆ, ಮಿಕ್ಸರ್ ಹತ್ತಿರ. ಜನಕ್ಕೆ ಏನು ಕೇಳಿಸುತ್ತದೋ ಅದನ್ನೇ ಕೇಳಿಸಿಕೊಂಡು ಕೆಲಸ ಮಾಡಬೇಕು, ಅದಕ್ಕೇ ದೂರ. ನಡುವೆ ಉದ್ದದ ನೆಟ್‌ವರ್ಕ್ ತಂತಿ, ನನ್ನ ಕೈಯಲ್ಲಿ ಟ್ಯಾಬ್. ದೊರೆಯ ಒಂದೊಂದು ಮಾತೂ ಒಂದೊಂದು ಹಾಡೂ ಬೇರೆ ಬೇರೆ ತುಣುಕು. ನಾನು ಒಂದು ಸಲ ಒತ್ತಿದರೆ ಒಂದೇ ತುಣುಕು ಎರಡರಲ್ಲೂ ಒಟ್ಟಿಗೆ ಹೊರಡುತ್ತಿತ್ತು. ಎರಡರ ಮುಂದೆ ಬದಲಿ ಪೆಟ್ಟಿಗೆಯೊಂದಿತ್ತು. ಅದು ದೊಡ್ಡೋನನ್ನು ಮಾತ್ರ ಹೊರಗೆ ಬಿಡುತ್ತದೆ. ಪ್ರತಿ ತುಣುಕಿನ ಜೊತೆಗೂ ಜನಕ್ಕೆ ಕೇಳಿಸದ ಒಂದು ಸಣ್ಣ ಸ್ವರ ಬೇರೆ ದಾರಿಯಲ್ಲಿ ಹರಿಯುತ್ತಿರುತ್ತದೆ. ದೊಡ್ಡೋನ ಸ್ವರ ನಿಂತು ಚಿಕ್ಕೋನದ್ದು ಇದ್ದರೆ ಪೆಟ್ಟಿಗೆ ತಾನೇ ಚಿಕ್ಕೋನಿಗೆ ಹಾರುತ್ತದೆ. ಬೇಕೆಂದರೆ ಆ ಸ್ವಯಂಚಾಲನೆ ತೆಗೆದು, ನಾನೇ ಟ್ಯಾಬ್‌ನಿಂದ ಅತ್ತಿಂದಿತ್ತ ಬದಲಿಸಬಹುದು. ಕಾಗದದ ಮೇಲೆ ಇದರಲ್ಲಿ ಒಂದೂ ಕೊರತೆ ಇರಲಿಲ್ಲ.

ಮಧುಗಿರಿಯಲ್ಲಿ ಕೊರತೆ ಗೊತ್ತಾಯಿತು. ಎರಡನೇ ಅಂಕದಲ್ಲಿ ದೊರೆಯ ಹಾಡು ಮುಗಿದದ್ದೇ ಪುರವರದ ಕಡೆಯಿಂದ ಬಂದಿದ್ದ ಗುಂಪೊಂದು ಎದ್ದು ನಿಂತು, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗಿತು. ನಮ್ಮ ಕಡೆಯ ನಾಟಕ ನೋಡಿದವರಿಗೆ ಇದು ಗೊತ್ತು. ಹಾಡು ಹಿಡಿಸಿದರೆ ಜನ ಕೇಳುತ್ತಾರೆ, ಪಾತ್ರಧಾರಿ ಮತ್ತೆ ಹಾಡುತ್ತಾನೆ. ಕೇಳದಿದ್ದರೆ ಪಾತ್ರಧಾರಿಗೆ ಅವಮಾನ, ಕೇಳಿಯೂ ಹಾಡದಿದ್ದರೆ ಜನಕ್ಕೆ ಅವಮಾನ. ಚಿಕ್ಕಂದಿನಿಂದ ನೋಡಿದ್ದ ನಾನೇ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ಬಲಗೈ ಎತ್ತಿ ಒಪ್ಪಿಗೆ ಕೊಟ್ಟರು, ಮತ್ತೆ ಮೊದಲ ಸಾಲಿಗೆ ಬಾಯಿ ತೆರೆದರು. ನಾನು ಟ್ಯಾಬ್‌ನ ಉದ್ದ ಪಟ್ಟಿಯಲ್ಲಿ ಹಿಂದಕ್ಕೆ ಹುಡುಕುತ್ತಿದ್ದೆ. ಸಾಹೇಬರು ಸುಮ್ಮನೆ ಒಂದೆರಡು ಸುತ್ತು ಹೆಚ್ಚಿಗೆ ನುಡಿಸಿ ತುಂಬಿದರು. ಹಾಡು ಬಂತು, ತಡವಾಗಿ ಬಂತು.

ಆಟ ಮುಗಿದ ಮೇಲೆ, ಮುಂದಿನ ಊರುಗಳಲ್ಲಿ ಒನ್ಸ್ ಮೋರ್ ಬೇಡವೆಂದು ಮೊದಲೇ ಮೈಕಿನಲ್ಲಿ ಹೇಳಿಬಿಡೋಣ ಎಂದೆ.

ಮೇಷ್ಟ್ರ ಹೆಂಡತಿ ಗಂಡನ ಮುಖ ನೋಡಲೂ ಇಲ್ಲ. "ಇದ್ನ ಅವ್ರು ಹೇಳ್ಬೇಕಾಗಿಲ್ಲ, ನಾನೇ ಹೇಳ್ತೀನಿ. ಕೇಳ್ಬ್ಯಾಡಿ ಅಂತ ಜನಕ್ಕೆ ಯಾರಾದ್ರೂ ಹೇಳ್ತಾರಾ? ಉಣ್ಣಕ್ಕೆ ಕರ್ದು ಎರಡ್ನೇ ಸಲ ಬಡ್ಸಲ್ಲ ಅಂದಂಗೆ ಆಗ್ತದೆ."

ಶಿರಾಕ್ಕೆ ಹೋಗುವಷ್ಟರಲ್ಲಿ ಕೆಲಸದ ಕ್ರಮ ಬದಲಿಸಿದೆ. ಹಾಡು ಮುಗಿದ ಕೂಡಲೇ ದೊಡ್ಡೋನು ಮುಂದಿನ ಮಾತಿಗೆ ಸಿದ್ಧ, ಚಿಕ್ಕೋನು ಹಾಡಿದ ಹಾಡಿನ ಮೊದಲಿಗೇ ಸಿದ್ಧ. ಒನ್ಸ್ ಮೋರ್ ಬಂದರೆ ಒಂದು ಬೆರಳಿಗೆ ಚಿಕ್ಕೋನು, ಬರದಿದ್ದರೆ ದೊಡ್ಡೋನು. ಎರಡೂ ಬೇರೆ ಬೇರೆ ಕಡೆ ನಿಂತಿರುವುದರಿಂದ ಪೆಟ್ಟಿಗೆಯನ್ನು ತಾನಾಗಿ ಹಾರಲು ಬಿಡುವಂತಿಲ್ಲ. ಸ್ವಯಂಚಾಲನೆ ತೆಗೆದುಬಿಟ್ಟೆ. ಅಂದರೆ ಆಪತ್ತಿಗೆಂದು ಇಟ್ಟ ಯಂತ್ರವನ್ನು ಸಂಭ್ರಮಕ್ಕೆ ಬಳಸಿಕೊಂಡೆ. ಬೇರೆ ಊರಿನ ಯಾವ ಸೌಂಡ್ ಕೆಲಸದವನಿಗೂ ಈ ತಪ್ಪು ಮಾಡುವ ಪ್ರಸಂಗ ಬಂದಿರಲಾರದು.

ಶಿರಾದಲ್ಲಿ ಅದು ಅದ್ಭುತವಾಗಿ ನಡೆಯಿತು. ಜನ ಒಂದೇ ಹಾಡಿಗೆ ಮತ್ತೆ ಮತ್ತೆ ಕೇಳಿದರು, ಮೇಷ್ಟ್ರು ಮತ್ತೆ ಮತ್ತೆ ಕೈಯೆತ್ತಿದರು, ನಾನು ಕೊಟ್ಟೆ. ಪರದೆ ಬಿದ್ದಮೇಲೆ ಸಾಹೇಬರು ಬೆರಳು ನೀವಿಕೊಳ್ಳುತ್ತ, "ಮೇಷ್ಟ್ರೇ, ಗಂಟ್ಲು ಇದ್ದಾಗ ನೀವು ಇಷ್ಟು ಸಲ ಹಾಡಿದ್ದು ನಾ ಕಾಣೆ. ಈಗ ಸುಸ್ತಾಗೋನು ನಾನೊಬ್ನೇ ನೋಡಿ. ನಾಇನ್ಸಾಫಿ ಇದು, ಅನ್ಯಾಯ!" ಎಂದರು. ಮೇಷ್ಟ್ರು ನಕ್ಕರು. ಅವರ ನಗುವಿಗೆ ಈಗ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

ಆದರೆ ವ್ಯಾನಿನಲ್ಲಿ ವಾಪಸಾಗುವಾಗ ಅವರು ಹೆಂಡತಿಯ ಮೊಣಕೈ ತಟ್ಟಿ ಏನೋ ಹೇಳಿದರು. ಆಕೆ ಹಿಂದಿನ ಸೀಟಿನಿಂದ ನನಗೆ ದಾಟಿಸಿದರು: "ಎರಡ್ನೇ ಸಲಾನೂ ಅಂಗೇ ಇತ್ತಂತೆ. ಮೂರ್ನೇ ಸಲಾನೂ ಅಂಗೇ. ಒನ್ಸ್ ಮೋರ್ ಅಂದ್ರೆ ಅಂಗೇ ಹಾಡಾದಲ್ಲ, ಇನ್ನೊಂಥರ ಹಾಡಾದು. ಜನ ಅದ್ಕೆ ಕೇಳಾದು ಅಂತಾರೆ."

ನಿಜ. ಮೊದಲೆಲ್ಲ ಎರಡನೇ ಸಲ ಅವರು ಸಾಲನ್ನು ಬೇರೆ ಕಡೆ ಎಳೆಯುತ್ತಿದ್ದರು, ಬೇರೆ ಕಡೆ ಇಳಿಸುತ್ತಿದ್ದರು. ಈಗ ಬೇರೆಯದನ್ನು ಎಲ್ಲಿಂದ ತರುವುದು? ನನ್ನಲ್ಲಿದ್ದದ್ದು ಒಂದೇ, ಅವರೇ ಬೇಡವೆಂದ ಕೊನೆಯ ಬೆಳಗಿನ ಹಾಡು. ಅದು ಇನ್ನೂ ಇದೆ ಎಂದೆ. ಮೇಷ್ಟ್ರು ಮತ್ತೆ ಹೆಂಡತಿಯ ಮೊಣಕೈ ತಟ್ಟಿದರು. ಆಮೇಲೆ ಆಕೆ, "ಹಾಕು ಅಂತವ್ರೆ," ಎಂದರು.

ಕೊರಟಗೆರೆಯಲ್ಲಿ ಹಾಕಿದೆ. ಚಿಕ್ಕೋನಲ್ಲಿ ಮಾತ್ರ. ಕೊನೆಯ ಹಾಡಿಗೆ ಒನ್ಸ್ ಮೋರ್ ಬಂದರೆ ದೊಡ್ಡೋನ ಗಟ್ಟಿ ಧ್ವನಿಯ ನಂತರ ಚಿಕ್ಕೋನ ಒಡೆದ ಧ್ವನಿ. ರಂಗದ ಬದಿಯಲ್ಲಿ ಮೇಷ್ಟ್ರಿಗೆ ನೀರು, ಹತ್ತಿ ಹಿಡಿದು ಅವರ ಹೆಂಡತಿ ಯಾವಾಗಲೂ ಯಂತ್ರಗಳ ಪಕ್ಕವೇ ಕೂರುತ್ತಿದ್ದುದರಿಂದ, ನನ್ನ ತಂತಿಗೇನಾದರೂ ಆದರೆ ಇರಲಿ ಎಂದು ಆ ತುಣುಕನ್ನು ಹೇಗೆ ಹೊರಡಿಸುವುದೆಂದು ಆಕೆಗೆ ತೋರಿಸಿಕೊಟ್ಟೆ.

ಕೊನೆಯ ಹಾಡಿನ ಮಧ್ಯದಲ್ಲಿ ಕರೆಂಟು ಒಮ್ಮೆ ಹೋಗಿ ಬಂತು. ದೊಡ್ಡೋನಿಗೆ ಕಟ್ಟಿದ್ದ ಯುಪಿಎಸ್ ಕೈಕೊಟ್ಟಿತು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಬದುಕಿಕೊಂಡಿತು. ಅದರ ಸೌಂಡ್ ಕಾರ್ಡ್ ಸತ್ತಿತು. ದೊರೆ ಕೈ ಚಾಚಿ, ಬಾಯಿ ತೆರೆದು ನಿಂತಿದ್ದಾನೆ, ಹಾಡಿಲ್ಲ. ಯಾವುದು ಆಗಬಾರದು ಎಂದಿದ್ದರೋ ಅದೇ. ನಾನು ಚಿಕ್ಕೋನಿಗೆ ಬದಲಿಸಿ ಒತ್ತಿದೆ. ಚಿಕ್ಕೋನು ಒನ್ಸ್ ಮೋರ್‌ಗೆ ಕಾದು ಕೂತಿದ್ದ. ಅರ್ಧ ಹಾಡಿದ ದೊರೆ ಇದ್ದಕ್ಕಿದ್ದಂತೆ ಮೊದಲ ಸಾಲಿನಿಂದ, ರೋಗಿಯ ಧ್ವನಿಯಲ್ಲಿ, ಹಾಡತೊಡಗಿದ.

"ಲೇ, ಕ್ಯಾಸೆಟ್ ಸಿಕ್ಕಾಕ್ಕೊಂತು ಕಣ್ಲಾ!" ಎಂದು ಯಾರೋ ಕೂಗಿದರು.

"ಪೆನ್ಸಿಲ್ ಇದ್ರೆ ಕೊಡ್ರೋ, ಸುತ್ತಾನ!" ಎಂದು ಇನ್ನೊಬ್ಬ.

ಜನ ನಕ್ಕರು. ಕೆಟ್ಟ ಜನರಲ್ಲ, ದೊರೆಯ ಗಂಟಲಿಗೆ ಏನಾಗಿದೆಯೆಂದು ಅಲ್ಲಿ ಬಹುಪಾಲು ಎಲ್ಲರಿಗೂ ಗೊತ್ತಿತ್ತು. ಆದರೂ ನಗು ಬಂತು. ನಾನು ಹಾಡನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದೆ, ಪರದೆ ಬೀಳಿಸಿದರು.

ಬಣ್ಣದ ಕೋಣೆಯಲ್ಲಿ ಮೇಷ್ಟ್ರು ಕಿರೀಟ ತೆಗೆಯದೆ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ತುಟಿಯಾಡಿಸಿದ್ದು ಚಿಕ್ಕದು. "ಪಾವಗಡ ಬ್ಯಾಡ್ವಂತೆ," ಎಂದರು ಹೆಂಡತಿ.

ಸಾಹೇಬರು ತಬಲಾಕ್ಕೆ ಗವಸು ತೊಡಿಸುತ್ತಿದ್ದವರು ತಲೆಯೆತ್ತದೆ ಹೇಳಿದರು: "ಪೆನ್ಸಿಲ್ ಕೇಳ್ದೋನ್ಗೂ ನಮ್ಮಷ್ಟೇ ವಯಸ್ಸಾಗಿರ್ತದೆ ಮೇಷ್ಟ್ರೇ. ಈಗಿನ ಹುಡುಗ್ರಿಗೆ ಕ್ಯಾಸೆಟ್ ಏನ್ಗೊತ್ತು? ನಾಳೆ ಅವ್ನ ಗಂಟ್ಲೂ ಕಟ್ತದೆ, ಬಿಡಿ." ಗವಸಿನ ದಾರ ಬಿಗಿದು, "ಮೂರೂರಿಗೆ ಬಂದು ನಾಲ್ಕನೇದಕ್ಕೆ ಬರ್ಲಿಲ್ಲ ಅಂದ್ರೆ, ಪಾವಗಡದೋರು ನನ್ನ ಕೇಳ್ತಾರೆ. ನಾನೇನ್ ಹೇಳ್ಲಿ?"

ಮೇಷ್ಟ್ರು ಕಿರೀಟ ತೆಗೆದು ಸಾಹೇಬರ ಕೈಗೆ ಕೊಟ್ಟರು, ಪೆಟ್ಟಿಗೆಯಲ್ಲಿಡಲು. ಅದನ್ನು ನಾವು ಒಪ್ಪಿಗೆ ಎಂದುಕೊಂಡೆವು.

ಪಾವಗಡಕ್ಕೆ ಹೋಗುವ ಮುನ್ನ ಅವರ ಮನೆಗೆ ಹೋಗಿ ನನ್ನ ತೀರ್ಮಾನ ಹೇಳಿದೆ. ಹೊಸ ಯುಪಿಎಸ್. ಎರಡು ಯಂತ್ರಗಳೂ ಮೊದಲಿನ ಹಾಗೆ ಒಟ್ಟೊಟ್ಟಿಗೆ. ಪೆಟ್ಟಿಗೆಯ ಸ್ವಯಂಚಾಲನೆ ಮತ್ತೆ ಹಾಕುತ್ತೇನೆ. ಒನ್ಸ್ ಮೋರ್ ಬಂದರೆ ಕೈಮುಗಿದು ಮುಂದಕ್ಕೆ ಹೋಗಿಬಿಡಿ. ಬೈಯುವವರು ನನ್ನನ್ನು ಬೈಯಲಿ. ಮೇಷ್ಟ್ರು ಕೇಳಿಸಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ ತುಂಬ ಹೊತ್ತು ತುಟಿಯಾಡಿಸಿದರು. ಆಕೆ ನಡುವೆ ಒಮ್ಮೆ ಇಲ್ಲವೆಂದು ತಲೆಯಾಡಿಸಿದರು, ಅವರು ಹೌದೆಂದು ಆಡಿಸಿದರು.

"ಆಯ್ತಂತೆ," ಎಂದರು ಆಕೆ ಕೊನೆಗೆ.

"ಅಷ್ಟೇನಾ?"

"ಮಿಕ್ಕಿದ್ದು ನಿಂಗಲ್ಲ."

ಚಿಕ್ಕೋನ ಪಟ್ಟಿಯಿಂದ ಕೊನೆಯ ಬೆಳಗಿನ ತುಣುಕನ್ನು ತೆಗೆದುಹಾಕಬೇಕೆಂದುಕೊಂಡಿದ್ದೆ. ತೆಗೆಯಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ ಹೇಳಲಾರೆ.

ಪಾವಗಡದ ಸಭಾಂಗಣ ತುಂಬಿತ್ತು. ಶೀಟಿನ ಮಾಡು ಕಾದಿದ್ದರಿಂದ ಯಂತ್ರಗಳಿಗೆ ಟೇಬಲ್ ಫ್ಯಾನ್ ಇಟ್ಟಿದ್ದೆ. ಅದರ ಗಾಳಿಗೆ ಮೇಷ್ಟ್ರ ಹೆಂಡತಿಯ ಸೆರಗು ಪರದೆಯ ಅಂಚಿನಿಂದ ಆಗಾಗ ಹೊರಗೆ ಕಾಣುತ್ತಿತ್ತು. ಆಟ ಒಂದೂ ತಪ್ಪಿಲ್ಲದೆ ಸಾಗಿತು. ಎರಡು ಕಡೆ ಒನ್ಸ್ ಮೋರ್ ಬಂತು. ಮೇಷ್ಟ್ರು ಕೈಮುಗಿದು ಮುಂದೆ ಹೋದರು. ಹಿಂದಿನ ಸಾಲಿನ ಮುದುಕರೊಬ್ಬರು ನನಗೆ ಕೇಳುವಂತೆಯೇ, "ಏಮಯ್ಯಾ ಇದು, ಮೇಷ್ಟ್ರಿಗೆ ಇಷ್ಟು ಗರ್ವ ಯಾವಾಗ ಬಂತು?" ಎಂದರು.

ಕೊನೆಯ ಹಾಡು ಬಂತು. ಕೋಟೆಯ ಬಾಗಿಲು, ದೊರೆ, ಬೀಗದ ಕೈ ಗೊಂಚಲು. "ಬಾಗಿಲು ತೆರೆದೇ ಇರಲಿ ಕಾವಲಿನವನೇ" ಎಂದು ಶುರುವಾಗಿ, "ಹೋದವನು ಯಾರೆಂದು ಕಲ್ಲಿಗೆ ಗೊತ್ತು" ಎಂದು ಮುಗಿಯುತ್ತದೆ. ದೊಡ್ಡೋನು ಹಾಡಿದ. ಮುಗಿಯಿತು. ಇಡೀ ಸಭಾಂಗಣ ಎದ್ದಿತು, ತೆಲುಗಿನವರೂ ಮತ್ತೊಮ್ಮೆ ಹಾಡೆಂದು ಕೂಗಿದರು. "ಒನ್ಸ್ ಮೋರ್!" "ಇಂಕೋಸಾರಿ! ಇಂಕೋಸಾರಿ ಪಾಡು ಸಾಮೀ!"

ಮೇಷ್ಟ್ರು ಕೈಮುಗಿಯಲಿಲ್ಲ. ಬಲಗೈ ಎತ್ತಿದರು. ನನ್ನ ಕಡೆ ನೋಡಲಿಲ್ಲ, ಪರದೆಯ ಬದಿಗೂ ನೋಡಲಿಲ್ಲ. ಎದುರಿಗಿದ್ದ ಜನವನ್ನು ನೋಡಿದರು.

ಚಿಕ್ಕೋನು ಹಾಡತೊಡಗಿದ. ಅವನ ಸ್ವರ ಒಂದೇ ಹರಿದದ್ದರಿಂದ ಪೆಟ್ಟಿಗೆ ತಾನಾಗಿ ಅವನನ್ನು ಹೊರಗೆ ಬಿಟ್ಟಿತು, ಅಷ್ಟು ಖಚಿತ. ತುಣುಕನ್ನು ಆರಿಸಿ ಒತ್ತಿದ್ದು ನಾನೋ ಪರದೆಯ ಮರೆಯಲ್ಲಿದ್ದ ಆಕೆಯೋ ಎಂಬುದೇ ನಾನು ಮೊದಲು ಹೇಳಿದ ಅನುಮಾನ. ಒಡೆದ ಧ್ವನಿ. ಸಾಹೇಬರು ಒಂದು ಕ್ಷಣ ಕೈ ಎತ್ತಿ ಹಿಡಿದು, ಆಮೇಲೆ ತುಂಬ ಮೆಲ್ಲಗೆ ಸೇರಿಕೊಂಡರು. ಯಾರೂ ನಗಲಿಲ್ಲ. ಮೇಷ್ಟ್ರು ಪ್ರತಿ ಬಿರುಕಿಗೂ ಸರಿಯಾಗಿ ತುಟಿ ಕೊಟ್ಟರು. ಎಲ್ಲಿ ಧ್ವನಿ ತಡವರಿಸುತ್ತದೋ ಅಲ್ಲಿ ಅವರ ಮೈಯೂ ತಡವರಿಸಿತು. ಮುದುಕರು ಪಕ್ಕದವರಿಗೆ, "ಈಗ ಹಾಡ್ತಾನೆ ನೋಡು," ಎಂದದ್ದು ನೆನಪಿದೆ. ನನ್ನ ನೆನಪಿನಲ್ಲಿ ಕೊನೆಯ ಸಾಲಿಗೆ ಮುಂಚೆಯೇ ಧ್ವನಿ ನಿಂತುಹೋಯಿತು, ಅಲ್ಲೇ ಮೇಷ್ಟ್ರೂ ಬಾಯಿ ಮುಚ್ಚಿದರು. ಬೀಗದ ಕೈ ಗೊಂಚಲನ್ನು ನೆಲಕ್ಕಿಟ್ಟು ಒಳಗೆ ನಡೆದರು.

ಕಾಯಿಲೆ ಮತ್ತೆ ಬಂತು. ಮುಂದಿನ ಮಳೆಗಾಲಕ್ಕೆ ಮೇಷ್ಟ್ರು ಇರಲಿಲ್ಲ.

ಎಲ್ಲ ಕಾರ್ಯ ಕಳೆದು ಸ್ವಲ್ಪ ದಿನದ ಮೇಲೆ ಹೊಳವನಹಳ್ಳಿಗೆ ಹೋದೆ. ಕೇಳಬಾರದು ಎಂದುಕೊಂಡೇ ಕೇಳಿದೆ: "ಅಮ್ಮ, ಪಾವಗಡದಲ್ಲಿ ಒತ್ತಿದ್ದು ನೀವಾ?"

"ನಂಗೆ ಆ ಮಿಷಿನ್ನೆಲ್ಲಾ ಎಲ್ಲಿ ಬರ್ತದಪ್ಪ?"

"ಕೊರಟಗೆರೆಯಲ್ಲಿ ತೋರಿಸಿದ್ದೆನಲ್ಲ."

"ತೋರ್ಸಿದ್ದೆ." ಕಾಫಿ ಲೋಟ ನನ್ನ ಮುಂದಿಟ್ಟರು. "ನೀನೇ ಹಾಕ್ದೆ ಅಂತ ಅವ್ರು ಅಂದ್ಕೊಂಡಿದ್ರು. ನಾನೂ ಸುಮ್ನಿದ್ದೆ."

ಇದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಪಾವಗಡಕ್ಕೆ ಹೋಗುವ ಮುನ್ನ ಮೇಷ್ಟ್ರು ಅಷ್ಟು ಹೊತ್ತು ಏನು ಹೇಳಿದರು ಎಂದು ಕೇಳಿದೆ. "ಗಂಡ ಹೆಂಡ್ತಿ ಮಾತು ಕಣಪ್ಪ," ಎಂದರು, "ಮೈಕಿಗೆ ಹೇಳಾದಲ್ಲ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ಹಸುವಿಗೆ ನೀರಿಡಲು ಎದ್ದುಹೋದರು. ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ.

ಶಿರಾದಲ್ಲಿ ಸಾಹೇಬರು ಸಿಕ್ಕಿದಾಗ ಅದೇ ಮಾತು ಬಂತು. ಧ್ವನಿ ಕೊನೆಯ ಸಾಲಿಗೆ ಮೊದಲೇ ನಿಂತಿತಲ್ಲ, ಅವರು ಅಲ್ಲಿಗೇ ಸರಿಯಾಗಿ ಬಾಯಿ ಮುಚ್ಚಿದ್ದು ಹೇಗೆ ಎಂದೆ. ಸಾಹೇಬರು ನನ್ನನ್ನೇ ನೋಡಿದರು.

"ಯಾರ್ ಹೇಳಿದ್ದು ನಿಂತ್ಕೊಂತು ಅಂತ? ಹಾಡು ನಿಲ್ಲಲಿಲ್ಲ. ಮೇಷ್ಟ್ರು ಬಾಯಿ ಮುಚ್ಕೊಂಡ್ರು. ಬಾಯಿ ಮುಚ್ಕೊಂಡು ನಿಂತು ಕೇಳಿದ್ರು. ಜನ ಎಲ್ಲಾ ನೋಡ್ತಾ ಇದ್ರು. ನಾನು ಕೊನೇ ತನಕ ನುಡಿಸಿದೀನಿ, ನನ್ ಕೈಗೆ ಗೊತ್ತಿಲ್ವಾ?"

"ಇಲ್ಲ ಸಾಹೇಬ್ರೆ, ನಾನು ಕೇಳಿಸ್ಕೊಂಡೆ, ನಿಂತಿತು."

"ನೀವು ಅಳ್ತಾ ಇದ್ರೇನೋ."

ನಾನು ಅತ್ತಿದ್ದು ನನಗೆ ನೆನಪಿಲ್ಲ. ಮನೆಗೆ ಬಂದು ಚಿಕ್ಕೋನನ್ನು ತೆಗೆದು, ಹೆಡ್‌ಫೋನ್ ಹಾಕಿಕೊಂಡು, ಆ ಬೆಳಗಿನ ತುಣುಕನ್ನು ಮೊದಲಿನಿಂದ ಕೊನೆಯ ತನಕ ಕೇಳಿದೆ. ಎಲ್ಲಿಯೂ ನಿಂತಿಲ್ಲ. "ಹೋದವನು ಯಾರೆಂದು ಕಲ್ಲಿಗೆ ಗೊತ್ತು" ಎಂಬ ಸಾಲು, ಒಡೆದ ಧ್ವನಿಯಲ್ಲಿ, ಪೂರ್ತಿಯಾಗಿ ಅದರಲ್ಲಿದೆ.